ಇಂಗ್ಲೆಂಡಿನ ಊರ ದೇವಾಲಯಗಳು

ಇಂಗ್ಲೆಂಡಿಗೆ ಹೋದ ಪ್ರವಾಸಿಗಳು ಲಂಡನ್ ನಗರದ ವೆಸ್ಟ್‌ಮಿನ್‌ಸ್ಟರ್ ಆಬೆಯನ್ನೂ ಸಂತ ಪಾಲನ ಮಹಾಮಂದಿರವನ್ನೂ ನೋಡದೆ ಹಿಂದಿರುಗುವುದಿಲ್ಲ. ಕಾಲವೂ ಹಣವೂ ಒದಗಿಬಂದವರು ಕ್ಯಾಂಟರ್ಬರಿ, ಯಾರ್ಕ್, ಡರ್ಹಮ್ ಮೊದಲಾದ ಸ್ಥಳಗಳಿಗೂ ಹೋಗಿಬರುವುದುಂಟು. ಅವೆಲ್ಲ ನೋಡತಕ್ಕವುಗಳೇ, ಸಂದೇಹವಿಲ್ಲ. ಆದರೆ ಅಲ್ಲಿ ನಮಗೆ ಎದುರಾಗುವುದು ರಾಜರ ಚರಿತ್ರೆ, ಬಿಷಪ್ಪರ ಚರಿತ್ರೆ, ಸೇನಾಪತಿಗಳ ಚರಿತ್ರೆ. ಆ ರಾಜರಿಗೆ ಕಂದಾಯ ತೆತ್ತವರೆಲ್ಲಿ? ಆ ಬಿಷಪ್ಪರ ಆಜ್ಞೆಗೆ ತಲೆಬಾಗಿದವರೆಲ್ಲಿ? ಸೇನಾಪತಿಗಳ ಹಿಂದೆ ಹೊರಟು ಮನೆಗೆ ಮರಳದೆ ಹೋದವರೆಲ್ಲಿ? ಅವರ ಗುರುತನ್ನು ಕಾಣಬೇಕೆಂಬ ಕುತೂಹಲವುಳ್ಳವನು ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ದಾರಿಯನ್ನು ಹಿಡಿಯಬೇಕು. ಅಲ್ಲಿ ಮರಗಳ ನಡುವೆ ತಲೆಯೆತ್ತಿರುವ ಕಲ್ಲುಗೋಪುರವನ್ನು ಗುರಿಯಾಗಿಟ್ಟುಕೊಂಡು ನಡೆಯಬೇಕು. ಈ ಹೊತ್ತು ನಾನು ಹೇಳಬೇಕೆಂದಿರುವುದು ಅಂತಹ ಊರ ದೇವಾಲಯಗಳ ವಿಷಯ.

ಮೊದಲು ಒಂದು ವ್ಯವಸ್ಥೆಯನ್ನು ತಿಳಿಸಬೇಕು. ಅದು ತಿಳಿಯದಿದ್ದರೆ ಆ ಕಟ್ಟಡಗಳು ಮಾತನಾಡುವುದಿಲ್ಲ. ಇಂಗ್ಲೆಂಡು ಬಹು ಪ್ರಾಚೀನಕಾಲದಿಂದ ‘ಪ್ಯಾರಿಷ್’ ಎಂಬ ಸಣ್ಣ ಸಣ್ಣ ವಿಭಾಗಗಳಾಗಿ ಹಂಚಿಹೋಗಿದೆ. ಒಂದು ಊರು, ಕೆಲವೆಡೆ ಎರಡು ಮೂರು ಹಳ್ಳಿಗಳು ಸೇರಿ ಒಂದು ಪ್ಯಾರಿಷ್ ಆಗುವುದು. ಅದಕ್ಕೊಂದು ಚರ್ಚು, ಒಬ್ಬ ಪಾದ್ರಿ. ಊರಿನವರು ತಮ್ಮ ಫಲದಲ್ಲಿ ಹತ್ತನೆಯ ಒಂದು ಪಾಲನ್ನು ದಶಮಾಂಶವೆಂದು ಸಲ್ಲಿಸಬೇಕಾಗಿದ್ದಿತು. ಚರ್ಚಿನ ಪೂರ್ವಭಾಗದಲ್ಲಿ, ನಮ್ಮ ಮಾತಿನಲ್ಲಿ ಗರ್ಭಗೃಹವೆನ್ನಬಹುದಾದ ಕಡೆ, ಪೂಜಾಪೀಠವಿರುವುದು. ಆ ಭಾಗವನ್ನು ದುರಸ್ತಾಗಿ ಇಟ್ಟುಕೊಳ್ಳುವ ಹೊಣೆ ದಶಮಾಂಶವನ್ನು ಪಡೆಯುವವನದು. ಪಶ್ಚಿಮಕ್ಕೆ ಚಾಚಿಕೊಂಡಿರುವ ಅಂಗಣ ಜನರು ನಿಲ್ಲುವ ಸ್ಥಳ; ಅದರ ಹೊಣೆ ಜನರದು. ೧೩ನೆಯ ಶತಮಾನದ ವೇಳೆಗೆ ಈ ಕಟ್ಟಳೆ ನೆಲೆಗೊಂಡಿತ್ತು. ಆದುದರಿಂದ ನೋಡುವವನು ಬಾಗಿಲಲ್ಲಿ ನಿಂತು ಎರಡು ಭಾಗಗಳನ್ನೂ ಹೋಲಿಸಬೇಕು. ಗರ್ಭಗೃಹ ತಗ್ಗಾಗಿ, ಹಳೆಯದಾಗಿ, ಕಿರುಗಿಟಕಿಗಳಿಂದ ಕೂಡಿದ್ದು, ಅಂಗಣ ಮಾತ್ರ ಎತ್ತರವಾಗಿ ಬೆಳಕು ತುಂಬಿಕೊಂಡಿದ್ದರೆ, ಆ ಊರಿನ ಜನಕ್ಕೆ ಒಂದು ಕಾಲದಲ್ಲಿ ಹಣ ಬಂದಿತೆಂದೂ ದಶಮಾಂಶ ಪಡೆಯುತ್ತಿದ್ದ ಸ್ವಾಮಿಗೆ ಕೈ ಬಿಗಿಯಾಗಿದ್ದಿತೆಂದೂ ತಿಳಿಯಬಹುದು. ಜನರ ಭಾಗದ ಲೆಕ್ಕವನ್ನು ನೋಡಿಕೊಳ್ಳಲು ವಾರ್ಡನ್ನರೆಂಬ ಧರ್ಮಕರ್ತರನ್ನು ಊರಿನವರು ಆರಿಸುತ್ತಿದ್ದರು. ಪಾರ್ಲಿಮೆಂಟಿನ ಹೊಸಲನ್ನು ಕಂಡರಿಯದ ಒಕ್ಕಲಿಗನು ಇಲ್ಲಿ ಲೆಕ್ಕ ಒಪ್ಪಿಸಿ, ಲೆಕ್ಕ ಕೇಳಿ, ಸಾರ್ವಜನಿಕ ಕಾರ್ಯವೆಂದರೇನೆಂಬುದನ್ನು ಕಲಿತನು.

ಪ್ರಾಚೀನತೆಯನ್ನೇ ಬಯಸುವವರಿಗೂ ಅಲ್ಲಿ ಕೊರತೆಯಿಲ್ಲ. ಡರ್ಹಮ್ ಪ್ರಾಂತದ ಎಸ್ಕಂಬ್ ಎಂಬಲ್ಲಿ ಏಳನೆಯ ಶತಮಾನದ ಚರ್ಚೊಂದು ಇಂದಿಗೂ ನಿಂತಿದೆ. ಕಿರಿದು, ಎತ್ತರ, ಒಳಗೆ ಮಬ್ಬುಬೆಳಕು. ಅದರ ಕಲ್ಲುಗಳು ಸಮೀಪದಲ್ಲೇ ಇದ್ದ ರೋಮನರ ಕೋಟೆಯಿಂದ ತಂದವುಗಳು. ರೋಮನ್ ಸೇನೆಯ ಆರನೆಯ ದಳದ ಹೆಸರನ್ನು ಕೆತ್ತಿದ್ದ ಒಂದು ಕಲ್ಲನ್ನು ಕಟ್ಟುವವರು ತಲೆಕೆಳಗಾಗಿ ಇಟ್ಟುಬಿಟ್ಟಿರುವರು. ಅವರಿಗೆ ಓದಲು ಬಾರದೆಯೋ, ಬಂದರೂ ಲೆಕ್ಕಿಸದೆಯೋ! ಸಾಮ್ರಾಜ್ಯವೊಂದರ ಬಿರುದು ಗೋಡೆಯ ಕಲ್ಲಾಗಿ ಕುಳಿತಿದೆ. ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಪಟ್ಟಣದಲ್ಲಿ ಸ್ಯಾಕ್ಸನರ ಕಾಲದ ಪುಟ್ಟ ಚರ್ಚೊಂದು ಸುತ್ತಲಿನ ಮನೆಗಳೊಡನೆ ಬೆರೆತುಹೋಗಿ, ಒಂದು ಭಾಗ ವಾಸದ ಮನೆಯಾಗಿ ಇನ್ನೊಂದು ಭಾಗ ಪಾಠಶಾಲೆಯಾಗಿ, ತಾನು ದೇವಾಲಯವೆಂಬುದು ಊರಿಗೇ ಮರೆತುಹೋಗಿದ್ದಿತು. ೧೯ನೆಯ ಶತಮಾನದ ಮಧ್ಯದಲ್ಲಿ ಅಲ್ಲಿನ ಪಾದ್ರಿಯಾದ ವಿಲಿಯಂ ಹೆನ್ರಿ ಜೋನ್ಸ್ ಎಂಬುವರು ಅದನ್ನು ಗುರುತಿಸಿದರು. ಎಸೆಕ್ಸ್ ಪ್ರಾಂತದ ಗ್ರೀನ್‌ಸ್ಟೆಡ್‌ನಲ್ಲಿ ಸೀಳಿದ ಓಕ್ ಮರದ ದಿಮ್ಮಿಗಳನ್ನು ಒತ್ತಾಗಿ ನಿಲ್ಲಿಸಿ ಮಾಡಿದ ಗೋಡೆ ಇದೆ. ಅದು ಒಂಬತ್ತನೆಯ ಶತಮಾನದ್ದೆಂದು ಬಹುಕಾಲ ನಂಬಿದ್ದರು. ಮರದ ಬಳೆಗಳನ್ನು ಎಣಿಸುವ ಶಾಸ್ತ್ರ ಬೆಳೆದ ಮೇಲೆ ೧೯೯೫ರಲ್ಲಿ ಪರೀಕ್ಷಿಸಿ, ೧೧ನೆಯ ಶತಮಾನದ ಉತ್ತರಾರ್ಧವೆಂದು ನಿಶ್ಚಯಿಸಿದರು. ಇನ್ನೂರು ವರ್ಷ ಕಡಮೆಯಾದರೂ ಆ ಮರದ ಗೌರವ ಕಡಮೆಯಾಗಲಿಲ್ಲ.

ಆದರೆ ಬರಿಯ ವಯಸ್ಸು ನಮಗೆ ಮುಖ್ಯವಲ್ಲ. ಹರ್ಟ್‌ಫರ್ಡ್ ಪ್ರಾಂತದ ಆಷ್‌ವೆಲ್ ಎಂಬ ಊರಿಗೆ ಹೋಗೋಣ. ಅಲ್ಲಿನ ಗೋಪುರದ ಒಳಗೋಡೆಯಲ್ಲಿ ಮೊಳೆಯಂತಹ ಮೊನೆಯಿಂದ ಗೀಚಿದ ಲ್ಯಾಟಿನ್ ಬರೆಹವಿದೆ. ೧೩೪೮-೪೯ರಲ್ಲಿ ಮಹಾಮಾರಿ ಇಂಗ್ಲೆಂಡನ್ನು ಹೊಕ್ಕು ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದೆ, ಅರ್ಧದವರೆಗೂ ಎಂದು ಕೆಲವರೆನ್ನುವಂತೆ, ಜನರನ್ನು ನುಂಗಿತು. ಆ ಗೋಡೆಯ ಬರೆಹ ೧೩೫೦ರ ಸ್ಥಿತಿಯನ್ನು ಹೇಳುತ್ತದೆ: ಘೋರವಾದ ಆ ಕಾಲ ಕಳೆಯಿತು, ಸಾಕ್ಷಿ ಹೇಳಲು ಜನರಲ್ಲಿ ಗಸಿಯಷ್ಟು ಮಾತ್ರ ಉಳಿದಿದೆ ಎಂಬುದು ಅದರ ಭಾವ. ಕೊನೆಗೆ, ಸಂತ ಮಾರಸನ ದಿನ ಬೀಸಿದ ಬಿರುಗಾಳಿಯ ವಿಷಯವನ್ನೂ ೧೩೬೧ ಎಂಬ ವರ್ಷವನ್ನೂ ಸೇರಿಸಿದೆ. ಬರೆದವನ ಹೆಸರಿಲ್ಲ. ಅವನು ಪಾದ್ರಿಯೋ ಕಲ್ಲುಕುಟಿಗನೋ ಹೇಳುವಂತಿಲ್ಲ. ರಾಜಾಸ್ಥಾನದ ಇತಿಹಾಸಕಾರರು ಆ ಮಾರಿಯ ವಿಷಯವಾಗಿ ಪುಟಗಟ್ಟಲೆ ಬರೆದಿರುವರು. ಆದರೆ ಉಳಿದವರಲ್ಲಿ ತಾನೂ ಒಬ್ಬನೆಂಬ ಹೇಸಿಗೆಯಿಂದ ಗೋಡೆಯನ್ನು ಗೀರಿದ ಈ ಕೈ ಹೇಳುವುದನ್ನು ಅವರಾರೂ ಹೇಳಲಿಲ್ಲವೆಂದು ನನಗೆ ತೋರುತ್ತದೆ.

ಮಾರಿಯಿಂದ ಜನ ಕಡಮೆಯಾಗಲು, ಉಳುವವರಿಲ್ಲದ ನೆಲದಲ್ಲಿ ಕುರಿಗಳು ಹೆಚ್ಚಿದುವು. ಮೊದಲೇ ಹೆಸರಾಗಿದ್ದ ಉಣ್ಣೆಯ ವ್ಯಾಪಾರದಿಂದಲೂ, ಅನಂತರ ಬಟ್ಟೆಯ ನೇಯ್ಗೆಯಿಂದಲೂ, ೧೫ನೆಯ ಶತಮಾನದಲ್ಲಿ ಕೆಲವು ಊರುಗಳು ಮಹಾ ಶ್ರೀಮಂತವಾದುವು. ಗ್ಲಾಸ್ಟರ್ ಪ್ರಾಂತದ ನಾರ್ತ್‌ಲೀಚ್ ಚರ್ಚಿನ ನೆಲದಲ್ಲಿ ೧೪೫೮ರಲ್ಲಿ ತೀರಿಕೊಂಡ ಜಾನ್ ಫೋರ್ಟೆ ಎಂಬ ವರ್ತಕನ ಆಕೃತಿಯನ್ನು ಹಿತ್ತಾಳೆಯ ತಗಡಿನಲ್ಲಿ ಕೊರೆದು ಹುದುಗಿಸಿದ್ದಾರೆ. ನೈಟ್ ಪದವಿಯ ವೀರರ ಗೋರಿಗಳಲ್ಲಿ ಪಾದದ ಕೆಳಗೆ ಸಿಂಹವೋ ಬೇಟೆನಾಯಿಯೋ ಇರುವುದು ವಾಡಿಕೆ. ಫೋರ್ಟೆಯ ಒಂದು ಕಾಲು ಕುರಿಯ ಮೇಲಿದೆ, ಇನ್ನೊಂದು ಉಣ್ಣೆಯ ಮೂಟೆಯ ಮೇಲಿದೆ. ತನ್ನ ಸಂಪತ್ತು ಎಲ್ಲಿಂದ ಬಂದಿತೆಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಧನಿಕರು ಎಲ್ಲ ದೇಶಗಳಲ್ಲಿಯೂ ವಿರಳ.

ಸಫೋಕ್ ಪ್ರಾಂತದ ಲ್ಯಾವನ್‌ಹಮ್ ಊರಿನ ಗೋಪುರ ೧೪೧ ಅಡಿ ಎತ್ತರವಿದೆ. ಅದರ ಮೇಲೆ ಆಕ್ಸ್‌ಫರ್ಡಿನ ಅರ್ಲ್ ಆದ ಡಿ ವೀರ್ ಮನೆತನದ ನಕ್ಷತ್ರವೂ, ಬಟ್ಟೆಯ ವ್ಯಾಪಾರಿಯಾದ ಥಾಮಸ್ ಸ್ಪ್ರಿಂಗ್ ಎಂಬವನ ವಂಶದ ಗುರುತುಗಳೂ ಒಟ್ಟಿಗೆ ಕಾಣಬರುವುವು. ೧೫೨೩ರಲ್ಲಿ ಸ್ಪ್ರಿಂಗ್ ಸಾಯುವಾಗ ಗೋಪುರವನ್ನು ಮುಗಿಸಲು ೨೦೦ ಪೌಂಡುಗಳನ್ನು ಬಿಟ್ಟುಹೋದನು. ಹತ್ತಿರದ ಲಾಂಗ್ ಮೆಲ್‌ಫರ್ಡ್‌ನ ಚರ್ಚು ೧೫ನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೊಸದಾಗಿ ಎದ್ದಿತು. ಕಪ್ಪು ಚಕಮಕಿಕಲ್ಲಿನ ನಡುವೆ ಬಿಳಿಯ ಕಲ್ಲಿನ ಅಕ್ಷರಗಳನ್ನು ಕೂಡಿಸಿ, ಹೊರಗೋಡೆಯ ಉದ್ದಕ್ಕೂ ದಾನಿಗಳ ಹೆಸರುಗಳನ್ನು ಬರೆದಿರುವರು. ಜಾನ್ ಕ್ಲಾಪ್ಟನ್ ಮೊದಲಾದವರ ಆತ್ಮಗಳಿಗಾಗಿ ಪ್ರಾರ್ಥಿಸಿರೆಂದು ಅವು ದಾರಿಹೋಕರನ್ನು ಬೇಡುವುವು. ಸತ್ತವರಿಗಾಗಿ ಬದುಕಿರುವವರು ಪ್ರಾರ್ಥಿಸಿದರೆ ಅವರ ಶುದ್ಧಿಯ ಯಾತನೆ ತಗ್ಗುವುದೆಂಬುದು ಅಂದಿನ ಕ್ರೈಸ್ತರ ನಂಬಿಕೆ. ಬತ್ತಿಗಳು, ವಿಗ್ರಹಗಳು, ಬಣ್ಣದ ಗಾಜುಗಳು, ಗಂಟೆಗಳು, ಎಲ್ಲವೂ ಆ ನಂಬಿಕೆಯ ಮೇಲೆ ನಿಂತಿದ್ದುವು. ಆ ಅಕ್ಷರಗಳನ್ನು ಜೋಡಿಸಿ ಅರ್ಧ ಶತಮಾನ ಕಳೆದಿತ್ತೋ ಇಲ್ಲವೋ, ಅಂತಹ ಪ್ರಾರ್ಥನೆ ನಿಷಿದ್ಧವಾಯಿತು.

ಹೇಗಾಯಿತೆಂಬುದು ದೊಡ್ಡ ಚರಿತ್ರೆಯಲ್ಲಿ ಎಲ್ಲರಿಗೂ ತಿಳಿದ ವಿಷಯ. ೧೫೩೪ರಲ್ಲಿ ಎಂಟನೆಯ ಹೆನ್ರಿ ರೋಮಿನ ಪೋಪರ ಅಧಿಕಾರವನ್ನು ಕಿತ್ತೊಗೆದು ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನಾದನು. ೧೫೩೬ರಿಂದ ೧೫೪೦ರೊಳಗೆ ಮಠಗಳನ್ನು ಮುಚ್ಚಿಸಿದನು. ೧೫೪೭ರಲ್ಲಿ ಅವನ ಮಗ ಬಾಲಕ ಆರನೆಯ ಎಡ್ವರ್ಡ್ ಪಟ್ಟಕ್ಕೆ ಬರಲು, ಮಂತ್ರಿಗಳು ವಿಗ್ರಹಗಳನ್ನು ತೆಗೆಯಿಸಿ ಗೋಡೆಗಳಿಗೆ ಸುಣ್ಣ ಬಳಿಯಿಸಿದರು. ೧೫೫೩ರಲ್ಲಿ ರಾಣಿ ಮೇರಿ ಹಳೆಯದನ್ನೆಲ್ಲ ಮತ್ತೆ ನಿಲ್ಲಿಸಿದಳು. ೧೫೫೮ರಲ್ಲಿ ಬಂದ ಎಲಿಜಬೆತ್ ಅದನ್ನು ಮತ್ತೆ ಕಿತ್ತಳು. ಪಠ್ಯಪುಸ್ತಕದಲ್ಲಿ ಇದು ನಾಲ್ಕು ವಾಕ್ಯ. ಒಂದು ಹಳ್ಳಿಯಲ್ಲಿ ಇದು ಹೇಗೆ ನಡೆಯಿತು?

ಅದೃಷ್ಟವಶಾತ್ ಒಂದು ಹಳ್ಳಿಯ ಲೆಕ್ಕದ ಪುಸ್ತಕ ಉಳಿದುಬಂದಿದೆ. ಡೆವನ್ ಪ್ರಾಂತದ ಉತ್ತರದಂಚಿನಲ್ಲಿ, ಎಕ್ಸ್‌ಮೂರ್ ಎಂಬ ಬೀಳುಗುಡ್ಡಗಳ ಮಗ್ಗುಲಲ್ಲಿ, ಮೋರ್‌ಬಾತ್ ಎಂಬ ಊರಿದೆ. ೧೬ನೆಯ ಶತಮಾನದಲ್ಲಿ ಅಲ್ಲಿ ಇದ್ದುದು ಮೂವತ್ತಮೂರು ಮನೆಗಳು. ೧೫೨೦ರಲ್ಲಿ ಅಲ್ಲಿಗೆ ಕ್ರಿಸ್ಟೊಫರ್ ಟ್ರಿಕಿ ಎಂಬ ಪಾದ್ರಿ ಬಂದನು; ೧೫೭೪ರಲ್ಲಿ ಸಾಯುವವರೆಗೆ ಅಲ್ಲಿಯೇ ಇದ್ದನು. ಐವತ್ತನಾಲ್ಕು ವರ್ಷ ವಾರ್ಡನ್ನರ ಲೆಕ್ಕಗಳನ್ನು ತನ್ನ ಕೈಯಿಂದಲೇ ಬರೆದು, ಜನರ ಮುಂದೆ ಗಟ್ಟಿಯಾಗಿ ಓದುತ್ತಿದ್ದನು. ಈ ಲೆಕ್ಕಗಳನ್ನು ಆಧಾರವಾಗಿಟ್ಟುಕೊಂಡು ಚರಿತ್ರಕಾರರಾದ ಈಮನ್ ಡಫಿಯವರು ೨೦೦೧ರಲ್ಲಿ ಒಂದು ಗ್ರಂಥವನ್ನೇ ಬರೆದರು. ಲೆಕ್ಕದ ಪುಸ್ತಕದಿಂದ ಜನರ ಧ್ವನಿ ಕೇಳಿಬರುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಆ ಬಡ ಊರಿನಲ್ಲಿ ಚರ್ಚಿನ ಹೆಸರಿನಲ್ಲಿ ಕುರಿಗಳಿದ್ದುವು. ಒಂದೊಂದು ಮನೆಯವರು ಒಂದೆರಡನ್ನು ತಮ್ಮ ಮಂದೆಯೊಡನೆ ಮೇಯಿಸುವರು. ಉಣ್ಣೆಯ ಹಣ ಚರ್ಚಿಗೆ ಸಲ್ಲುವುದು. ಒಬ್ಬೊಬ್ಬ ಸಂತನ ದೀಪಕ್ಕೆ ಒಂದೊಂದು ಭಂಡಾರ. ಮದುವೆಯಾಗದ ಗಂಡುಹುಡುಗರಿಗೆ ಒಂದು ಭಂಡಾರ, ಹೆಣ್ಣುಮಕ್ಕಳಿಗೆ ಇನ್ನೊಂದು; ಅವಕ್ಕೂ ಅವರವರಲ್ಲೇ ಆರಿಸಿದ ಧರ್ಮಕರ್ತರು. ಊರಿನ ಮುಖ್ಯ ವಾರ್ಡನ್ ಪದವಿ ಕೆಲವು ವರ್ಷ ಹೆಂಗಸರ ಪಾಲಿಗೂ ಬಂದಿತು. ವರ್ಷಕ್ಕೊಮ್ಮೆ ಚರ್ಚಿನ ಮನೆಯಲ್ಲಿ ಏಲ್ ಎಂಬ ಮದ್ಯವನ್ನು ಕಾಯಿಸಿ ಮಾರಿ, ಕುಡಿದು ಕುಣಿದು, ಬಂದ ಲಾಭವನ್ನು ಮಾಡು ಹೊದಿಸುವುದಕ್ಕೆ ಬಳಸುವರು. ಟ್ರಿಕಿ ಬಂದ ವರ್ಷ ತನ್ನ ಪ್ರೀತಿಯ ಸಂತೆ ಸಿಡ್ವೆಲ್ಲಳ ವಿಗ್ರಹವನ್ನು ಚರ್ಚಿಗೆ ತಂದನು. ಊರ ಹೆಂಗಸರು ಜಪಮಣಿಗಳನ್ನು ಆಕೆಗೆ ಬಿಟ್ಟುಹೋಗಲಾರಂಭಿಸಿದರು. ಸತ್ತವರಿಗಾಗಿ ಮಾಡುವ ಪೂಜೆಗೆ ಕಪ್ಪು ಬಣ್ಣದ ಉಡುಪೊಂದು ಊರಿನಲ್ಲಿ ಇರಲಿಲ್ಲ. ಅದನ್ನು ಕೊಳ್ಳಬೇಕೆಂದು ಪಾದ್ರಿ ತನಗೆ ಬರಬೇಕಾದ ಚರ್ಚಿನ ಕುರಿಗಳ ಉಣ್ಣೆಯ ದಶಮಾಂಶವನ್ನು ಬಿಟ್ಟುಕೊಟ್ಟನು. ಪೆನ್ನಿಗೆ ಪೆನ್ನಿ ಸೇರಿಸುತ್ತ ಸುಮಾರು ಇಪ್ಪತ್ತು ವರ್ಷ ಕೂಡಿಹಾಕಿದರು. ಉಡುಪು ಬಂದಿತು, ೧೫೪೭ರಲ್ಲಿ! ಆ ವರ್ಷವೇ ಎಡ್ವರ್ಡನ ಪಟ್ಟ. ಆ ಉಡುಪಿಗೆ ಕೆಲಸವೇ ಇಲ್ಲವಾಯಿತು.

ಮುಂದೆ ಪುಸ್ತಕದ ಪುಟಗಳು ಬಡವಾಗುತ್ತ ಹೋಗುವುವು. ದೀಪಗಳು ಆರಿದುವು. ಕುರಿಗಳನ್ನು ಮಾರಿದರು. ಭಂಡಾರಗಳು ಮುಚ್ಚಿದುವು, ಅವುಗಳೊಡನೆ ಹುಡುಗರ, ಹುಡುಗಿಯರ ಧರ್ಮಕರ್ತತ್ವವೂ ಹೋಯಿತು. ಹೊಸ ಧರ್ಮ ಶುದ್ಧವಾದುದೆಂದು ವಾದಿಸುವವರು ವಾದಿಸಬಹುದು. ಲ್ಯಾಟಿನ್ ಅರಿಯದ ಜನಕ್ಕೆ ತಮ್ಮ ಮಾತಿನಲ್ಲಿಯೇ ಪ್ರಾರ್ಥನೆ ದೊರೆತುದು ಸಣ್ಣ ಉಪಕಾರವೂ ಅಲ್ಲ. ಆದರೆ ಮೋರ್‌ಬಾತಿನ ಹುಡುಗಿಯರು ಲೆಕ್ಕ ಒಪ್ಪಿಸಲು ಎದ್ದು ನಿಲ್ಲುತ್ತಿದ್ದ ದಿನ ಮತ್ತೆ ಬರಲಿಲ್ಲವೆಂಬುದನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು. ೧೫೪೯ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಕಡ್ಡಾಯ ಮಾಡಿದಾಗ ಡೆವನ್, ಕಾರ್ನ್‌ವಾಲ್ ಪ್ರಾಂತಗಳು ದಂಗೆಯೆದ್ದುವು. ದಂಗೆಕೋರರು ಎಕ್ಸೆಟರ್ ನಗರವನ್ನು ಮುತ್ತಿದರು. ಸರ್ಕಾರದ ಸೈನ್ಯ ಬಂದು ಸಾವಿರಾರು ಮಂದಿಯನ್ನು ಕೊಂದಿತು. ಟ್ರಿಕಿಯ ಲೆಕ್ಕದಲ್ಲಿ ಆ ವರ್ಷ ಐವರು ಯುವಕರಿಗೆ ಆಯುಧ, ದಾರಿಯ ಖರ್ಚು ಕೊಟ್ಟು ಶಿಬಿರಕ್ಕೆ ಕಳುಹಿಸಿದ ವಿಷಯ ಇದೆ. ಎಕ್ಸೆಟರಿನ ಹೊರಗಿದ್ದ ದಂಗೆಕೋರರ ಶಿಬಿರವೇ ಅದೆಂದು ಡಫಿಯವರು ತೋರಿಸಿಕೊಟ್ಟಿರುವರು. ರಾಜದ್ರೋಹದ ವೆಚ್ಚವನ್ನು ದೇವಾಲಯದ ಕಡತದಲ್ಲಿ, ಗಂಟೆಯ ಹಗ್ಗ, ಮೇಣದ ಬೆಲೆಗಳ ಜೊತೆಯಲ್ಲಿ, ಊರೇ ಕೂಡಿ ಬರೆದಿಟ್ಟಿತು. ಹೋದ ಐವರೂ ಹಿಂದಿರುಗಿದರೆಂದು ಹೇಳುವಂತಿಲ್ಲ.

ಮೇರಿಯ ಕಾಲ ಬಂದಾಗ ಒಂದು ಸೋಜಿಗ. ಎಡ್ವರ್ಡನ ಅಧಿಕಾರಿಗಳಿಗೆ ಸಿಗದೆ ಹೋಗಿದ್ದ ಪದಾರ್ಥಗಳು ಒಂದೊಂದಾಗಿ ಮನೆಗಳಿಂದ ಹೊರಬಿದ್ದುವು. ಒಬ್ಬನು ವಿಗ್ರಹದ ತುಂಡನ್ನು ತಂದನು, ಮತ್ತೊಬ್ಬನು ಚಿತ್ರದ ಹಲಗೆಯನ್ನು ತಂದನು. ಟ್ರಿಕಿ ಉಕ್ಕುವ ಸಂತೋಷದಿಂದ ಅವರ ಹೆಸರುಗಳನ್ನು ಬರೆದುಕೊಂಡನು. ಐದು ವರ್ಷಗಳಲ್ಲಿ ಎಲಿಜಬೆತ್ ಬಂದಳು. ಮತ್ತೆ ಎಲ್ಲವನ್ನೂ ತೆಗೆದರು. ಆಗಲೂ ಟ್ರಿಕಿ ಊರು ಬಿಡಲಿಲ್ಲ. ನಾಲ್ವರು ಅರಸರ ನಾಲ್ಕು ಬಗೆಯ ಆಜ್ಞೆಗಳಿಗೆ ತಲೆಬಾಗಿದವನನ್ನು ಹೇಡಿಯೆನ್ನಬೇಕೆ? ಹಾಗೆನ್ನುವವರಿದ್ದಾರೆ. ಧರ್ಮಕ್ಕಾಗಿ ಉರಿಯುವ ಕೊಳ್ಳಿಗೆ ಮೈಯೊಡ್ಡಿದವರು ಎರಡು ಪಕ್ಷಗಳಲ್ಲಿಯೂ ಆ ಕಾಲದಲ್ಲಿ ಇದ್ದರು. ಅವರ ಮುಂದೆ ಇವನು ಸಣ್ಣವನಾಗಿ ಕಾಣುವನು. ಆದರೆ ಅವನ ಪುಸ್ತಕವನ್ನು ನೋಡಿದರೆ ಅವನಿಗೆ ಧರ್ಮವೆಂದರೆ ಆ ಮೂವತ್ತಮೂರು ಮನೆಗಳ ಜೊತೆ ಇರುವುದೇ ಆಗಿದ್ದಿತೆಂದು ತೋರುವುದು. ಅವನು ಹೋಗಿದ್ದರೆ ಆ ಸತ್ತವರ ಹೆಸರುಗಳನ್ನು ನೆನಪಿನಲ್ಲಿಟ್ಟುಕೊಳ್ಳುವವರು ಯಾರು? ನಾನಂತೂ ಅವನ ಮೇಲೆ ಕಲ್ಲೆಸೆಯಲಾರೆ.

ಮೋರ್‌ಬಾತಿನಂತೆಯೇ ಬೇರೆಡೆಗಳಲ್ಲಿಯೂ ಬಚ್ಚಿಡುವ ಕೆಲಸ ನಡೆಯಿತು. ಲಾಂಗ್ ಮೆಲ್‌ಫರ್ಡ್‌ನ ರಾಜರ್ ಮಾರ್ಟಿನ್ ಎಂಬ ಗೃಹಸ್ಥನು ತಾನು ಬಾಲ್ಯದಲ್ಲಿ ಕಂಡ ಚರ್ಚು ಹೇಗಿದ್ದಿತೆಂಬುದನ್ನು ಮುಪ್ಪಿನಲ್ಲಿ ಬರೆದಿಟ್ಟನು. ಪೂಜಾಪೀಠದ ಮೇಲಿದ್ದ ಕೆತ್ತನೆ ತನ್ನ ಮನೆಯಲ್ಲಿದೆ, ಮುಂದಿನವರು ಅದನ್ನು ಮರಳಿ ಚರ್ಚಿಗೆ ಸೇರಿಸುವರೆಂದು ನಂಬಿದ್ದೇನೆ, ಎಂಬ ಆಶೆಯನ್ನೂ ಅದರಲ್ಲಿ ಸೂಚಿಸಿದನು. ಅದೇ ಚರ್ಚಿನ ನೆಲದ ಕೆಳಗೆ, ಮೂವರು ಪೂರ್ವದೇಶದ ಜ್ಞಾನಿಗಳು ಶಿಶು ಕ್ರಿಸ್ತನಿಗೆ ವಂದಿಸುವ ಸುಂದರವಾದ ಹಾಲುಗಲ್ಲಿನ ಫಲಕವೊಂದು ಬಹುಕಾಲದ ಮೇಲೆ ಸಿಕ್ಕಿತು. ಈಗ ಅದು ಚರ್ಚಿನೊಳಗೇ ಇದೆ. ಸಫೋಕಿನ ಇನ್ನೊಂದು ಹಳ್ಳಿಯಾದ ವೆನ್‌ಹ್ಯಾಸ್ಟನ್‌ನಲ್ಲಿ ಬಚ್ಚಿಟ್ಟದ್ದು ಜನರಲ್ಲ, ಸುಣ್ಣ. ೧೮೯೨ರಲ್ಲಿ ಚರ್ಚನ್ನು ದುರಸ್ತಿ ಮಾಡುವಾಗ ಗರ್ಭಗೃಹದ ಕಮಾನಿನಲ್ಲಿದ್ದ ಸುಣ್ಣ ಬಳಿದ ಹಳೆಯ ಹಲಗೆಗಳನ್ನು ಕಿತ್ತು, ಕೆಲಸಕ್ಕೆ ಬಾರದೆಂದು ಸ್ಮಶಾನದ ಹುಲ್ಲಿನ ಮೇಲೆ ಎಸೆದರು. ರಾತ್ರಿ ಮಳೆ ಬಂದಿತು. ಬೆಳಗಾಗುವಾಗ ಸುಣ್ಣ ತೊಳೆದುಹೋಗಿ ಹಲಗೆಗಳ ಮೇಲೆ ಮುಖಗಳು ಕಾಣಿಸಿಕೊಂಡುವು. ಅದು ಅಂತಿಮ ತೀರ್ಪಿನ ದಿನದ ಚಿತ್ರ. ದೇವದೂತನಾದ ಮೈಕೇಲನು ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿದ್ದಾನೆ; ಸ್ವರ್ಗದ ಬಾಗಿಲಲ್ಲಿ ರಾಜನೂ ಬಿಷಪ್ಪನೂ ಬತ್ತಲೆ ನಿಂತಿದ್ದಾರೆ, ತಲೆಯ ಮೇಲಿನ ಕಿರೀಟಗಳೊಂದೇ ಅವರ ಉಡುಪು. ನಡುವೆ ಬಣ್ಣವಿಲ್ಲದ ಖಾಲಿ ಆಕಾರಗಳಿವೆ. ಅಲ್ಲಿ ಶಿಲುಬೆಯ ಮೇಲಿನ ಕ್ರಿಸ್ತ, ಪಕ್ಕದಲ್ಲಿ ಮಾತೆ ಮೇರಿ, ಸಂತ ಜಾನ್, ಇವರ ಮರದ ವಿಗ್ರಹಗಳು ನಿಂತಿದ್ದುವು; ಅವನ್ನು ಕಿತ್ತ ಜಾಗ ಹಾಗೆಯೇ ನೆರಳಿನಂತೆ ಉಳಿದಿದೆ. ಇಂಗ್ಲೆಂಡಿನ ಧಾರ್ಮಿಕ ಕ್ರಾಂತಿಯ ಅತಿ ನಿಷ್ಠುರವಾದ ಚಿತ್ರ ಆ ಖಾಲಿ ಜಾಗವೇ.

ಆದರೆ ಎಲ್ಲ ಗಾಯಗಳನ್ನೂ ಧರ್ಮದ ಮೇಲೆ ಹೊರಿಸುವಂತಿಲ್ಲ. ೧೬೪೩-೪೪ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದಾಗ ವಿಲಿಯಂ ಡೌಸಿಂಗ್ ಎಂಬವನು ಸಫೋಕ್, ಕೇಂಬ್ರಿಜ್ ಪ್ರಾಂತಗಳ ಚರ್ಚುಗಳನ್ನು ಹೊಕ್ಕು, ಉಳಿದ ಗಾಜುಗಳನ್ನೂ ಶಾಸನಗಳನ್ನೂ ಒಡೆಯಿಸಿ, ಒಡೆದುದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟನು. ಬ್ಲೈತ್‌ಬರ್ಗ್ ಚರ್ಚಿನ ಛಾವಣಿಯಲ್ಲಿ ರೆಕ್ಕೆ ಹರಡಿದ ಮರದ ದೇವದೂತರಿದ್ದಾರೆ. ಅವರ ಮೈಯಲ್ಲಿ ತೂತುಗಳಿವೆ. ಅವು ಡೌಸಿಂಗನ ಜನರ ಗುಂಡುಗಳೆಂದು ಬಹುಕಾಲ ಹೇಳಿಕೊಂಡು ಬಂದರು. ದುರಸ್ತಿಯ ಕಾಲದಲ್ಲಿ ಸಿಕ್ಕಿದ ಸೀಸದ ಗುಂಡುಗಳು ೧೮ನೆಯ ಶತಮಾನದವು. ಛಾವಣಿಯಲ್ಲಿ ಗೂಡು ಕಟ್ಟುತ್ತಿದ್ದ ಕಾಗೆಯ ಜಾತಿಯ ಹಕ್ಕಿಗಳನ್ನು ಹೊಡೆಯಲು ವಾರ್ಡನ್ನರೇ ಹಣ ಕೊಟ್ಟಿದ್ದರೆಂದು ಲೆಕ್ಕಗಳು ತಿಳಿಸುತ್ತವೆ.

ಅದೇ ಕಾಲದ ಇನ್ನೊಂದು ಗುರುತು ಆಕ್ಸ್‌ಫರ್ಡ್ ಪ್ರಾಂತದ ಬರ್ಫರ್ಡಿನಲ್ಲಿದೆ. ೧೬೪೯ರ ಮೇ ತಿಂಗಳಲ್ಲಿ, ರಾಜನ ತಲೆ ತೆಗೆದು ನಾಲ್ಕು ತಿಂಗಳೂ ಆಗಿರಲಿಲ್ಲ, ಸಾಮಾನ್ಯರಿಗೂ ಹಕ್ಕು ಬೇಕೆಂದು ಕೇಳಿದ ಲೆವೆಲ್ಲರ್ ಪಕ್ಷದ ಸೈನಿಕರನ್ನು ಕ್ರಾಮ್ವೆಲ್ ಹಿಡಿಸಿ ಆ ಚರ್ಚಿನಲ್ಲಿ ಕೂಡಿಹಾಕಿದನು. ಮೂವರನ್ನು ಹೊರಗೆ ತಂದು ಗುಂಡಿಟ್ಟು ಕೊಂದರು. ಒಳಗಿದ್ದವರಲ್ಲಿ ಆಂಟನಿ ಸೆಡ್ಲಿ ಎಂಬವನು ದೀಕ್ಷಾಸ್ನಾನದ ಕಲ್ಲುತೊಟ್ಟಿಯ ಸೀಸದ ಅಂಚಿನಲ್ಲಿ ತನ್ನ ಹೆಸರು, ವರ್ಷ, ಸೆರೆಯವನೆಂಬ ಮಾತು, ಇಷ್ಟನ್ನು ಕೊರೆದನು. ಸೆರೆಯವನೆಂಬುದರಲ್ಲಿ ಒಂದು ಅಕ್ಷರ ತಪ್ಪಿದೆ. ಬರ್ಫರ್ಡಿಗೆ ಹೋದವರು ಬಗ್ಗಿ ಅದನ್ನು ನೋಡದೆ ಬರಬಾರದು.

ಗೋಡೆಗಳ ಮಾತಾಯಿತು, ಕಾಗದಗಳ ಮಾತೂ ಸ್ವಲ್ಪ ಉಂಟು. ೧೫೩೮ರಲ್ಲಿ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಪ್ರತಿ ಪ್ಯಾರಿಷ್ಷಿನಲ್ಲಿಯೂ ದೀಕ್ಷಾಸ್ನಾನ, ಮದುವೆ, ಮಣ್ಣುಗಳನ್ನು ಬರೆದಿಡಬೇಕೆಂದೂ ಆ ಪುಸ್ತಕವನ್ನು ಎರಡು ಬೀಗಗಳ ಪೆಟ್ಟಿಗೆಯಲ್ಲಿಟ್ಟು ಒಂದು ಕೀಲಿಯನ್ನು ಪಾದ್ರಿಯೂ ಇನ್ನೊಂದನ್ನು ವಾರ್ಡನ್ನರೂ ಇಟ್ಟುಕೊಳ್ಳಬೇಕೆಂದೂ ವಿಧಿಸಿದನು. ಇದರ ಹಿಂದೆ ಹೊಸ ತೆರಿಗೆಯಿದೆಯೆಂದು ಜನ ಹೆದರಿದರು. ಸ್ಟ್ರಾಟ್‌ಫರ್ಡಿನ ಪುಸ್ತಕದಲ್ಲಿ ೧೫೬೪ರ ಏಪ್ರಿಲ್ ೨೬ರಂದು ವಿಲಿಯಂ ಷೇಕ್ಸ್‌ಪಿಯರ್ ಎಂಬ ಶಿಶುವಿನ ದೀಕ್ಷಾಸ್ನಾನ ದಾಖಲಾಗಿದೆಯೆಂಬುದು ಸುಪ್ರಸಿದ್ಧ. ಆದರೆ ಅದೇ ವರ್ಷದ ಜುಲೈಯಲ್ಲಿ ಒಬ್ಬ ನೇಯ್ಗೆಯ ಹುಡುಗನ ಹೆಸರಿನ ಎದುರಿಗೆ, ಇಲ್ಲಿ ಮಾರಿ ತೊಡಗಿತು, ಎಂದು ಲ್ಯಾಟಿನ್ನಿನಲ್ಲಿ ಬರೆದಿರುವುದನ್ನು ಯಾತ್ರಿಕರು ಅಷ್ಟಾಗಿ ಗಮನಿಸುವುದಿಲ್ಲ. ಶಿಶುವಿಗೆ ಆಗ ಮೂರು ತಿಂಗಳು ತುಂಬಿರಲಿಲ್ಲ.

ಮಾರಿಯ ಮಾತು ಬಂದಿತಾಗಿ ಡಾರ್ಬಿ ಪ್ರಾಂತದ ಈಮ್ ಎಂಬ ಹಳ್ಳಿಯನ್ನು ಬಿಡುವಂತಿಲ್ಲ. ೧೬೬೫ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ದರ್ಜಿಗೆ ಬಂದ ಬಟ್ಟೆಯ ಜೊತೆಗೆ ಅಲ್ಲಿಗೆ ಪ್ಲೇಗು ಬಂದಿತೆಂದು ಹೇಳುವರು. ಮರುವರ್ಷದ ಬೇಸಗೆಯಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ಹಿಂದೆ ಆ ಪದವಿಯಲ್ಲಿದ್ದು ಹೊರಬಿದ್ದಿದ್ದ ಥಾಮಸ್ ಸ್ಟ್ಯಾನ್ಲಿ, ಇವರಿಬ್ಬರೂ ಕೂಡಿ, ರೋಗ ನೆರೆಯ ಊರುಗಳಿಗೆ ಹರಡದಂತೆ ಯಾರೂ ಎಲ್ಲೆ ದಾಟಬಾರದೆಂದು ಜನರನ್ನು ಒಪ್ಪಿಸಿದರು. ಚರ್ಚಿನ ಬಾಗಿಲು ಮುಚ್ಚಿ ಬಯಲ ಕಣಿವೆಯಲ್ಲಿ ಪ್ರಾರ್ಥನೆ ನಡೆಯಿಸಿದರು. ಎಲ್ಲೆಯ ಕಲ್ಲಿನ ಗುಳಿಗಳಲ್ಲಿ ಹುಳಿನೀರು ತುಂಬಿ ಅದರಲ್ಲಿ ಹಣವಿಟ್ಟರೆ ಹೊರಗಿನವರು ಆಹಾರವಿಟ್ಟು ಹೋಗುವರು. ಹದಿನಾಲ್ಕು ತಿಂಗಳಲ್ಲಿ ಸುಮಾರು ೨೬೦ ಜನ ಸತ್ತರು. ಎಲಿಜಬೆತ್ ಹ್ಯಾಂಕಾಕ್ ಎಂಬ ಹೆಂಗಸು ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಹೊಲದಲ್ಲಿ ಹೂಳಿದಳು. ಪಾದ್ರಿಯ ಹೆಂಡತಿ ಕ್ಯಾಥರೀನಳೂ ಹೋದಳು. ಆಕೆಯ ಗೋರಿ ಚರ್ಚಿನ ಅಂಗಳದಲ್ಲಿದೆ. ಮಾಂಪೆಸನ್ ತನ್ನ ಮಕ್ಕಳನ್ನು ಮಾತ್ರ ಮೊದಲೇ ಊರಿನಿಂದ ಕಳುಹಿಸಿಬಿಟ್ಟಿದ್ದನು. ಆ ಊರಿನ ತ್ಯಾಗವನ್ನು ಹೊಗಳುವವರು ಇದನ್ನು ಹೇಳುವುದಿಲ್ಲ. ಹೇಳಿದರೆ ತ್ಯಾಗ ಕಡಮೆಯಾಗದು, ಅದನ್ನು ಮಾಡಿದವರು ಯಾರೆಂಬುದು ಸ್ಪಷ್ಟವಾಗುವುದು.

ಮೈಸೂರಿನವರಿಗೆ ಎದೆಗೆ ತಾಕುವ ಒಂದು ಚರ್ಚೂ ಉಂಟು. ಕೆಂಟ್ ಪ್ರಾಂತದ ಥ್ರೌಲಿ ಎಂಬ ಸಣ್ಣ ಹಳ್ಳಿಯ ಚರ್ಚಿನಲ್ಲಿ ಜಾರ್ಜ್ ಹ್ಯಾರಿಸ್ ಎಂಬ ಸೇನಾಪತಿಯ ಅಮೃತಶಿಲೆಯ ಪ್ರತಿಮೆ ಇದೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದಾಗ ಇಂಗ್ಲಿಷ್ ಸೈನ್ಯದ ಮುಖ್ಯಾಧಿಕಾರಿ ಇವನೇ. ೧೮೧೫ರಲ್ಲಿ ಅವನಿಗೆ ಕೊಟ್ಟ ಪದವಿಯಲ್ಲಿ ಶ್ರೀರಂಗಪಟ್ಟಣ, ಮೈಸೂರು ಎಂಬ ಎರಡು ಹೆಸರುಗಳೂ ಸೇರಿದುವು. ೧೮೨೯ರಲ್ಲಿ ಸತ್ತನು. ಕಾವೇರಿಯ ನಡುಗಡ್ಡೆಯ ಹೆಸರನ್ನು ಹೊತ್ತು ಅವನು ಕೆಂಟಿನ ತೋಟಗಳ ನಡುವೆ ನಿಂತಿರುವನು. ಹಿಂದೂದೇಶದಲ್ಲಿ ಕಾದಿದ, ಗಳಿಸಿದ, ಜ್ವರದಿಂದ ಸತ್ತ ಇಂಗ್ಲಿಷರ ಕಲ್ಲುಗಳು ಆ ದೇಶದ ಚರ್ಚುಗಳಲ್ಲಿ ಹೇರಳವಾಗಿವೆ. ಅವುಗಳಲ್ಲಿ ಅವರ ಗುಣಗಳ ವರ್ಣನೆ ಉದಾರವಾಗಿರುವುದು. ಎದುರಾಳಿಗಳ ಹೆಸರುಗಳು ಕಾಣಸಿಗುವುದು ಅಪೂರ್ವ.

೧೯ನೆಯ ಶತಮಾನದ ಜೀರ್ಣೋದ್ಧಾರದ ಹುಚ್ಚಿನಿಂದ ಈ ಕಟ್ಟಡಗಳಿಗೆ ಆದ ನಷ್ಟ ಡೌಸಿಂಗನಿಂದಾದುದಕ್ಕಿಂತ ಕಡಮೆಯಲ್ಲ. ಭಕ್ತಿಯಿಂದಲೇ ಸಾವಿರಾರು ಚರ್ಚುಗಳ ಗಾರೆಯನ್ನು ಕೆರೆದು, ಹಳೆಯ ಆಸನಗಳನ್ನು ಕಿತ್ತು, ಹೀಗಿದ್ದಿರಬೇಕೆಂದು ತಾವು ಊಹಿಸಿದ ರೂಪವನ್ನು ಕೊಟ್ಟರು. ಬರ್ಫರ್ಡಿನಲ್ಲಿ ಈ ಕೆಲಸವನ್ನು ಕಂಡು ಕೆರಳಿದ ಕವಿ ವಿಲಿಯಂ ಮಾರಿಸ್ ೧೮೭೭ರಲ್ಲಿ ಪುರಾತನ ಕ��್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಹಳೆಯದನ್ನು ಹೊಸದಾಗಿ ಮಾಡಬೇಡಿ, ಬೀಳದಂತೆ ನೋಡಿಕೊಳ್ಳಿ, ಎಂಬುದು ಅವನ ವಾದದ ತಿರುಳು. ಆ ಸಂಘ ಈಗಲೂ ಕೆಲಸ ಮಾಡುತ್ತಿದೆ.

ಇಂದಿನ ಕಷ್ಟ ಬೇರೆ ಬಗೆಯದು. ಇಂಗ್ಲೆಂಡಿನ ಚರ್ಚಿನ ವಶದಲ್ಲಿ ಸುಮಾರು ೧೬,೦೦೦ ದೇವಾಲಯಗಳಿವೆ. ಅವುಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚಿನವು ಚರಿತ್ರಾರ್ಹವೆಂದು ಸರ್ಕಾರದ ಪಟ್ಟಿಯಲ್ಲಿ ಸೇರಿವೆ. ಪ್ರಾರ್ಥನೆಗೆ ಬರುವವರು ಮಾತ್ರ ವರ್ಷ ವರ್ಷಕ್ಕೆ ಕಡಮೆ. ಒಬ್ಬ ಪಾದ್ರಿ ಆರೇಳು ಹಳ್ಳಿಗಳನ್ನು ನೋಡಿಕೊಳ್ಳಬೇಕಾಗಿದೆ. ಛಾವಣಿಯ ಸೀಸವನ್ನು ರಾತ್ರಿಯಲ್ಲಿ ಕದ್ದೊಯ್ಯುವ ಕಳ್ಳರ ಕಾಟವೂ ಉಂಟು. ದುರಸ್ತಿಯ ಭಾರ ಮೋರ್‌ಬಾತಿನ ಕಾಲದಂತೆ ಈಗಲೂ ಬಹುಮಟ್ಟಿಗೆ ಊರಿನವರ ಮೇಲೆಯೇ ಇದೆ. ಕುರಿಗಳ ಬದಲು ಚಹದ ಕೂಟ, ಹೂವಿನ ಪ್ರದರ್ಶನ, ಹಳೆಯ ಪುಸ್ತಕಗಳ ಮಾರಾಟ. ಪೂಜೆ ನಿಂತುಹೋದವುಗಳನ್ನು ಕಾಪಾಡಲು ೧೯೫೭ರಲ್ಲಿ ಒಂದು ಖಾಸಗಿ ಸಂಘವೂ ೧೯೬೯ರಲ್ಲಿ ಶಾಸನಬದ್ಧವಾದ ಒಂದು ನಿಧಿಯೂ ಹುಟ್ಟಿದುವು. ಈ ನಿಧಿಯ ರಕ್ಷಣೆಯಲ್ಲಿ ಈಗ ೩೫೦ಕ್ಕೂ ಹೆಚ್ಚು ಚರ್ಚುಗಳಿವೆ. ಅಂತಹವುಗಳಲ್ಲಿ ಕೆಲವು ಬೀಗ ಹಾಕಿರುವುದುಂಟು. ಬಂದವರು ಹಿಂದಿರುಗಬೇಕಾದುದಿಲ್ಲ, ಬಾಗಿಲ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ ಕೀಲಿ ಊರಿನ ಯಾವ ಮನೆಯಲ್ಲಿದೆಯೆಂದು ಬರೆದಿರುವುದು. ಹೋಗಿ ಕದ ತಟ್ಟಿದರೆ ಮನೆಯವರು ಅಂಗೈಯಗಲದ ಕಬ್ಬಿಣದ ಕೀಲಿಯನ್ನು ತಂದುಕೊಟ್ಟು, ಹೊರಡುವಾಗ ದೀಪ ಆರಿಸಿ ಹೋಗಿರೆಂದು ಹೇಳುವರು.